ನೇತ್ರಾಣಿಗೆ ಹೊರಟ ಮಗ, ಶಿರಸಿಯಲ್ಲಿ ನಿದ್ದೆಗೆಟ್ಟ ತಾಯಿ

ಶಿರಸಿಯ ಓದುಗರೊಬ್ಬರ ಪತ್ರ: "ಮಗ ಗೆಳೆಯರ ಜೊತೆ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಕಡಲೊಳಗೆ ಇಳಿಯಲು, ಹೊರಟಿದ್ದಾನೆ. ಆಮೇಲೆ ಮುರ್ಡೇಶ್ವರದಲ್ಲಿ ಸಮುದ್ರಸ್ನಾನವಂತೆ. ಮೊಬೈಲಿನಲ್ಲಿ ಶಾರ್ಕ್ ದಾಳಿಯ ವಿಡಿಯೊ ನೋಡಿದಾಗಿನಿಂದ ನನಗೆ ನಿದ್ದೆಯಿಲ್ಲ. ಕಳಿಸಲೋ ಬೇಡವೋ?"

ಅಕ್ಕ, ನಮಸ್ಕಾರ.

ಕಳಿಸಿ. ಆದರೆ ಭಯವನ್ನು ಪೂರ್ತಿ ಬಿಡಬೇಡಿ. ನಿಮ್ಮ ಭಯ ಸರಿಯಾಗೇ ಇದೆ, ಶಾರ್ಕ್ ಮೇಲೆ ಸುಮ್ನೆ ಖರ್ಚಾಗುತ್ತಿದೆ ಅಷ್ಟೆ.

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಶಾರ್ಕ್‌ಗೆ 'ಮೋರಿ' ಅನ್ನುತ್ತಾರೆ. ಬುಟ್ಟಿಯಲ್ಲಿರುವುದು ಮೊಳದುದ್ದದ ಬೂದು ಮೀನು. ತಲೆಯಿಂದ ಬಾಲದ ಕಡೆಗೆ ಕೈಯಾಡಿಸಿದರೆ ನುಣುಪು, ತಿರುಗಿಸಿ ಸವರಿದರೆ ಸ್ಯಾಂಡ್ ಪೇಪರ್. ಬಾಣಂತಿಗೆ ಹಾಲು ಜಾಸ್ತಿಯಾಗಲಿ ಅಂತ ಒಯ್ಯುವವರೂ ಇದ್ದಾರೆ. ಇನ್ನು ನೇತ್ರಾಣಿಯ ಸುತ್ತ ಅಪರೂಪಕ್ಕೆ ಕಾಣುವ ದೊಡ್ಡ ಜೀವ ತಿಮಿಂಗಿಲ ಶಾರ್ಕ್. 12 ಮೀಟರ್ ಬೆಳೆದರೂ ಅದು ಬಾಯಿ ತೆರೆದು ನೀರು ಸೋಸುತ್ತಾ, ತೇಲುವ ಸಣ್ಣ ಜೀವಿಗಳನ್ನು ತಿಂದು ಬದುಕುತ್ತದೆ. 2001ರಿಂದ ಅದಕ್ಕೆ ಕಾನೂನಿನ ರಕ್ಷಣೆಯೂ ಇದೆ. ಕಂಡರೆ ಮುಟ್ಟಬಾರದು, ಬಾಲದಿಂದ ದೂರವಿರಬೇಕು ಅಂತ ಮಗನಿಗೆ ಹೇಳಿ.

ಅಮೆರಿಕದ ಫ್ಲೋರಿಡಾ ಮ್ಯೂಸಿಯಂ ಇಡೀ ಜಗತ್ತಿನ ಶಾರ್ಕ್ ದಾಳಿಗಳ ಲೆಕ್ಕ ಇಡುತ್ತದೆ. ಮನುಷ್ಯ ಕೆಣಕದೆ ಇದ್ದರೂ ಶಾರ್ಕ್ ಕಚ್ಚಿದ ಪ್ರಕರಣ 2023ರಲ್ಲಿ 69. ಹಾಗಂತ ನಮ್ಮ ಕಡೆ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ವೈತರಣಾ ನದಿಗೆ ಮೀನಿಗಿಳಿದ ಯುವಕನ ಕಾಲಿಗೆ ಶಾರ್ಕ್ ಬಾಯಿ ಹಾಕಿತ್ತು. ಬುಲ್ ಶಾರ್ಕ್ ಅನ್ನುವ ಜಾತಿ ಸಿಹಿನೀರಿಗೂ ಬರುತ್ತದೆ. ಹಾಗಾಗಿ ಅಳಿವೆಯ ಕದಡಿದ ನೀರು, ಸಂಜೆಗತ್ತಲು, ರಂಪಣಿ ಬಲೆ ಎಳೆಯುವ ಜಾಗ, ಮೀನಿನ ತ್ಯಾಜ್ಯ ಸುರಿಯುವ ಜಾಗ, ಇಲ್ಲೆಲ್ಲ ಈಜುವುದು ಬೇಡ. ಶಾರ್ಕ್ ಎದುರಾದರೆ ಕೈಕಾಲು ಬಡಿಯದೆ, ಅದರ ಮೇಲೆ ಕಣ್ಣಿಟ್ಟು, ಜೊತೆಯವರ ಕಡೆ ನಿಧಾನ ಸರಿಯಬೇಕು.

ಈಗ ನನ್ನನ್ನು ನಿಜಕ್ಕೂ ಕಾಡುವ ವಿಷಯ. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹೆಣ್ಣುಮಕ್ಕಳು ಇದೇ ಮುರ್ಡೇಶ್ವರದಲ್ಲಿ ನೀರುಪಾಲಾದರು. ಆ ಸುದ್ದಿ ನೆನೆದರೆ ಇವತ್ತಿಗೂ ಹೊಟ್ಟೆ ಹಿಂಡುತ್ತದೆ. ಅಲ್ಲಿ ಯಾವ ಶಾರ್ಕೂ ಇರಲಿಲ್ಲ ಅಕ್ಕ.

ದಡದಲ್ಲಿ ನಿಂತು ನೋಡಿದರೆ ಸಾಲು ಅಲೆಗಳು ಬಿಳಿ ನೊರೆಯಾಗಿ ಒಡೆಯುತ್ತವೆ. ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯುವುದಿಲ್ಲ. ನೀರು ಸ್ವಲ್ಪ ಕಪ್ಪು, ಕೆಲವೊಮ್ಮೆ ಮರಳು ಕಲಸಿದ ಬಣ್ಣ. ಶಾಂತವಾಗಿದೆ ಅಂತ ಘಟ್ಟದ ಮೇಲಿನಿಂದ ಬಂದವರು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಕಡಲಿಗೆ ಹರಿಯುವ ದಾರಿ ಅದು! ಅದರಲ್ಲಿ ಸಿಕ್ಕವರು ನೇರ ದಡಕ್ಕೆ ಈಜಲು ಹೋಗಿ ಸೋಲುತ್ತಾರೆ. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕೂಗಬೇಕು, ದಡದ ಉದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡದ ಕಡೆ ತಿರುಗಬೇಕು. ಈಜು ಬಂದರೂ ಲೈಫ್‌ಗಾರ್ಡ್ ಇಲ್ಲದ ಕಡೆ ಇಳಿಯಬಾರದು.

ಸ್ಕೂಬಾದಲ್ಲಿ ಎರಡೇ ಮಾತು. ನೀರಿನೊಳಗೆ ಉಸಿರು ಹಿಡಿಯಬಾರದು. ನೆಗಡಿಯಾಗಿ ಮೂಗು ಕಟ್ಟಿದ್ದರೆ ಇಳಿಯಲೇಬಾರದು, ಕಿವಿಗೆ ಪೆಟ್ಟಾಗುತ್ತದೆ. ಕಟ್ಟಿದ ದುಡ್ಡು ಹೋದರೆ ಹೋಗಲಿ.

ಹೊರಡುವ ಮುಂಚೆ ಈ ಪುಟವನ್ನು ಅವನ ಕೈಗೆ ಕೊಡಿ. ಗೆಳೆಯರಿಗೂ ಓದಿಸಲಿ.

– ಸಂ.