ರನ್‌ವೇ ಮೇಲೆ ಇಂಟು ಮಾರ್ಕು

ಪ್ರಶ್ನೆ: ಹಳೆಯ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಆಟ ತೆರೆದರೆ ವಿಮಾನ ಶಿಕಾಗೋದ ಮೇಗ್ಸ್ ಫೀಲ್ಡ್‌ನಲ್ಲಿ ನಿಂತಿರುತ್ತಿತ್ತು. ಆ ರನ್‌ವೇಯನ್ನು ರಾತ್ರೋರಾತ್ರಿ ಅಗೆದುಹಾಕಿದರು ಅಂತಾರೆ. ನಿಜವೇ? (ಮೈಸೂರು)

ಉತ್ತರ: ನಿಜ. ಮಿಷಿಗನ್ ಸರೋವರದ ದಡದಲ್ಲಿ 1948ರ ಡಿಸೆಂಬರ್‌ನಲ್ಲಿ ಶುರುವಾದ ನಿಲ್ದಾಣ ಅದು. ಸುಮಾರು 3,900 ಅಡಿಯ ಒಂದೇ ರನ್‌ವೇ, ಹೆಚ್ಚಾಗಿ ಸಣ್ಣ ವಿಮಾನಗಳ ಓಡಾಟ. 2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿ ಆದೇಶದಂತೆ ಪೊಲೀಸ್ ಕಾವಲಿನಲ್ಲಿ ಬುಲ್ಡೋಜರ್‌ಗಳು ಬಂದು ರನ್‌ವೇಯಲ್ಲಿ ಆರು ದೊಡ್ಡ ಇಂಟು ಮಾರ್ಕು ಕೊರೆದವು. ನಿಂತಿದ್ದ 16 ವಿಮಾನಗಳು ಅಲ್ಲೇ ಸಿಕ್ಕಿಕೊಂಡವು, ಆಮೇಲೆ ರನ್‌ವೇಗೆ ಹೋಗಿಬರುವ ದಾರಿಯಾದ ಟ್ಯಾಕ್ಸಿವೇಯಿಂದಲೇ ಏರಿಹೋದವು. ನಗರದ ಸುರಕ್ಷತೆ ಎಂಬುದು ಮೇಯರ್ ಕೊಟ್ಟ ಕಾರಣ. ಅಲ್ಲಿ ಉದ್ಯಾನ ಮಾಡುವ ಅವರ ಆಸೆ ಮಾತ್ರ 1990ರ ದಶಕದಷ್ಟು ಹಳೆಯದು. ಇಂದು ಅದು ಉದ್ಯಾನವೇ.

ನಿಲ್ದಾಣ ಮುಚ್ಚುವ 30 ದಿನ ಮೊದಲು ಅಮೆರಿಕದ ವಿಮಾನಯಾನ ಆಡಳಿತಕ್ಕೆ ತಿಳಿಸಬೇಕಿತ್ತು. ತಿಳಿಸಲಿಲ್ಲ. ದಿನಕ್ಕೆ 1,100 ಡಾಲರ್‌ನಂತೆ 33,000 ಡಾಲರ್ ದಂಡ ಬಿತ್ತು. ವಿಮಾನ ನಿಲ್ದಾಣಕ್ಕೆಂದು ಬಂದ ಹಣವನ್ನು ಅಗೆತಕ್ಕೆ ಬಳಸಿದ್ದಕ್ಕಾಗಿ ನಗರವು 10 ಲಕ್ಷ ಡಾಲರ್ ವಾಪಸು ಕಟ್ಟಬೇಕಾಯಿತು. ಈ ಅಗೆತದ ಬಳಿಕ ಕಾನೂನು ತಿದ್ದಿ ಇಂಥ ದಂಡವನ್ನು ದಿನಕ್ಕೆ 10,000 ಡಾಲರ್‌ಗೆ ಏರಿಸಿದರು. ಉದ್ಯಾನ ಬೇಕೋ ಬೇಡವೋ ಎಂಬುದು ಆ ಊರಿನವರಿಗೆ ಬಿಟ್ಟದ್ದು. ಆದರೆ ಸುಳಿವೇ ಕೊಡದೆ ರನ್‌ವೇ ಅಗೆಯುವುದು ಆಗ ಆಕಾಶದಲ್ಲಿ ಇರಬಹುದಾದವರ ಜೀವದ ಪ್ರಶ್ನೆ. ಅದನ್ನು ಒಪ್ಪಲಾಗದು.

ಪ್ರಶ್ನೆ: ಹಾಗಾದರೆ ಸಣ್ಣ ನಿಲ್ದಾಣವನ್ನು ಸರಿಯಾಗಿ ಮುಚ್ಚುವುದು ಹೇಗೆ? (ಹುಬ್ಬಳ್ಳಿ)

ಉತ್ತರ: ಅಮೆರಿಕದ ಕ್ರಮವನ್ನೇ ಹೇಳುತ್ತೇವೆ. ಮೊದಲು ಸೂಚನೆ, ಪೈಲಟ್‌ಗಳಿಗೆ ಹೋಗುವ ನೋಟಾಮ್ ಎಂಬ ಎಚ್ಚರಿಕೆಯ ಪ್ರಕಟಣೆಯಲ್ಲೂ ಅದು ಬರಬೇಕು. ಆಮೇಲೆ ಗುರುತು. ರನ್‌ವೇಯ ಎರಡೂ ತುದಿಗೆ ಮತ್ತು ನಡುವೆ 1,000 ಅಡಿಗೊಂದರಂತೆ ಹಳದಿ ಇಂಟು ಮಾರ್ಕು ಬರೆಯಬೇಕು. ತುದಿಯ ಪಟ್ಟೆಗಳು, ರನ್‌ವೇ ಸಂಖ್ಯೆ, ಚಕ್ರ ತಾಗುವ ಜಾಗದ ಗುರುತುಗಳನ್ನು ಪೂರ್ತಿ ಅಳಿಸಬೇಕು. ದೀಪಗಳ ಸ್ವಿಚ್ ಆರಿಸಿದರೆ ಸಾಲದು, ಸರ್ಕ್ಯೂಟನ್ನೇ ಕಡಿಯಬೇಕು. ಹಳೆಯ ಸಂಖ್ಯೆ ಉಳಿದು, ಇಂಟು ಮಾರ್ಕು ಮಾಸಿದರೆ ಮೇಲಿನಿಂದ ನೋಡುವವರಿಗೆ ಅದು ಬಳಕೆಯಲ್ಲಿರುವ ರನ್‌ವೇಯಂತೆಯೇ ಕಾಣುತ್ತದೆ. ಗಾಳಿಯ ದಿಕ್ಕು ತೋರುವ ಗಾಳಿಚೀಲ ಬಿಚ್ಚುವುದನ್ನೂ ಮರೆಯಬಾರದು.

ಹೆಚ್ಚು ಎಡವುವುದು ನೆಲದಡಿಯ ಇಂಧನ ಟ್ಯಾಂಕಿನಲ್ಲಿ. ತಳದಲ್ಲಿ 2.5 ಸೆಂ.ಮೀ.ಗಿಂತ ಹೆಚ್ಚು ಉಳಿಯದಂತೆ ಬಸಿದು, ಒಳಗಿನ ಆವಿ ಹೊರಹಾಕಿ, ತೊಳೆದು, ಕಿತ್ತು ತೆಗೆಯಬೇಕು ಅಥವಾ ಜಡ ಗಟ್ಟಿವಸ್ತು ತುಂಬಬೇಕು. ತುಂಬಿದ ಟ್ಯಾಂಕಿಗಿಂತ ಬರಿದಾದದ್ದೇ ಅಪಾಯ, ಏಕೆಂದರೆ ಹೊತ್ತಿಕೊಳ್ಳುವುದು ಆವಿ. ಖಾಲಿ ಬಿಟ್ಟರೆ ಅಂತರ್ಜಲ ಏರಿದಾಗ ಟ್ಯಾಂಕ್ ತೇಲಿ ನೆಲ ಸೀಳಿಕೊಂಡು ಮೇಲೆ ಬರಬಹುದು. ಸಣ್ಣ ವಿಮಾನಗಳ 100ಎಲ್‌ಎಲ್ ಪೆಟ್ರೋಲಿನಲ್ಲಿ ಲೀಟರಿಗೆ 0.56 ಗ್ರಾಂವರೆಗೂ ಸೀಸ ಇರುತ್ತದೆ. ಟ್ಯಾಂಕಿನ ತಳದ ಮತ್ತು ಇಂಧನ ತುಂಬುತ್ತಿದ್ದ ಜಾಗದ ಮಣ್ಣನ್ನು ಪರೀಕ್ಷಿಸದೆ ಅಲ್ಲಿ ಮಕ್ಕಳ ಆಟದ ಮೈದಾನ ಮಾಡಲೇಬೇಡಿ.

ಪ್ರಶ್ನೆ: ಪಾಳು ಬಿದ್ದ ರನ್‌ವೇಯಲ್ಲಿ ತುರ್ತಿಗೆ ಇಳಿಯಬಹುದೇ? ಮತ್ತೆ ತೆರೆಯಬಹುದೇ? (ಮಂಗಳೂರು)

ಉತ್ತರ: ಎಂಜಿನ್ ನಿಂತಾಗ ಪೈಲಟ್ ಇಳಿಯಬಹುದು, ನಿಯಮ ಅಡ್ಡಬರದು. ಆದರೆ ನಡುವೆ ಗುಂಡಿಯೋ ಬೇಲಿಯೋ ಇಲ್ಲವೆಂಬ ಭರವಸೆ ಯಾರೂ ಕೊಟ್ಟಿರುವುದಿಲ್ಲ.

ಮತ್ತೆ ತೆರೆಯುವುದು ಕಷ್ಟದ ಕೆಲಸ. ಬಿಸಿಲಿಗೆ ಡಾಂಬರು ಒಣಗಿ ಬಿರಿಯುತ್ತದೆ. ಬಿರುಕಿಗೆ ನೀರಿಳಿದು ತಳಪಾಯ ಮೆತ್ತಗಾಗುತ್ತದೆ, ಹುಲ್ಲಿನ ಬೇರು ಅದನ್ನು ಅಗಲಿಸುತ್ತದೆ. ಚಳಿಯ ನಾಡಿನಲ್ಲಿ ಆ ನೀರು ಹೆಪ್ಪುಗಟ್ಟಿ ಇನ್ನಷ್ಟು ಸೀಳುತ್ತದೆ. ಎದ್ದ ಜಲ್ಲಿ ಪ್ರೊಪೆಲ್ಲರಿಗೆ ಬಡಿದು ಅಲಗು ಚಕ್ಕೆ ಏಳುತ್ತದೆ. ಆದ್ದರಿಂದ ಮೊದಲು ಚರಂಡಿ ಬಿಡಿಸಿ, ಬಿರುಕು ತುಂಬುವುದು ಆಮೇಲೆ. ಕೊನೆಗೆ ಮರಗಳನ್ನು ಅಳೆಯಿರಿ. ಅಮೆರಿಕದ ಲೆಕ್ಕದಲ್ಲಿ ಸಣ್ಣ ವಿಮಾನಗಳ ರನ್‌ವೇಗೆ ತುದಿಯಿಂದ 60 ಮೀಟರ್ ಆಚೆಯಿಂದ ಶುರುವಾಗಿ ಪ್ರತಿ 20 ಮೀಟರಿಗೆ 1 ಮೀಟರ್ ಏರುವ ಗೆರೆಯನ್ನು ಯಾವುದೂ ದಾಟಬಾರದು. ಅಂದರೆ ನೆಲ ಸಮತಟ್ಟಾಗಿದ್ದರೆ, 10 ಮೀಟರ್ ಎತ್ತರದ ಮರ ತುದಿಯಿಂದ 260 ಮೀಟರ್‌ಗಿಂತ ಹತ್ತಿರ ಇರುವಂತಿಲ್ಲ.