ಏಳಕ್ಕೆ ವಾರ್ಮ್ ಅಪ್, ಒಂದಕ್ಕೆ ಪಂದ್ಯ

ಪ್ರಶ್ನೆ: ನಾನು ಕಬಡ್ಡಿ ರೈಡರ್. ನಮ್ಮ ಕಡೆ ಚಳಿಗಾಲದಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಜಾಸ್ತಿ. ಸಂಜೆ 7ಕ್ಕೇ ಚೆನ್ನಾಗಿ ಓಡಿ, ಸ್ಟ್ರೆಚಿಂಗ್ ಮಾಡಿ ರೆಡಿ ಆಗಿರುತ್ತೇನೆ. ಆದರೂ ನಾಲ್ಕೈದು ರೈಡಿಗೇ ತೊಡೆ ಕಲ್ಲಾಗುತ್ತದೆ. ವಾರ್ಮ್ ಅಪ್‌ನಲ್ಲೇ ಶಕ್ತಿ ಖಾಲಿ ಆಗ್ತಿದೆಯಾ?
– ಓದುಗ, ಹೊಸನಗರ

ಉತ್ತರ: 7ಕ್ಕೆ ಓಡಿದಿರಿ ಸರಿ, ಕೋರ್ಟಿಗೆ ಇಳಿದಿದ್ದು ಎಷ್ಟಕ್ಕೆ? ನಮ್ಮ ಕಡೆಯ ಪಂದ್ಯಾವಳಿ ಗೊತ್ತಲ್ವಾ, ಉದ್ಘಾಟನೆ, ಸನ್ಮಾನ, ಭಾಷಣ ಎಲ್ಲ ಮುಗಿದು ಮೈಕಿನಲ್ಲಿ ನಿಮ್ಮ ತಂಡದ ಹೆಸರು ಬರುವಾಗ ರಾತ್ರಿ 1 ಗಂಟೆ ಆದರೂ ಆಯಿತು. ಅಲ್ಲಿತನಕ ಚಡ್ಡಿ, ಬನಿಯನ್‌ನಲ್ಲಿ ಇಬ್ಬನಿಗೆ ಕೂತರೆ 7ರ ಓಟ ಯಾವ ಲೆಕ್ಕಕ್ಕೂ ಇಲ್ಲ. ಬಿಸಿಯಾದ ಸ್ನಾಯು ಸುಮ್ನೆ ಕೂತರೆ 15–20 ನಿಮಿಷದಲ್ಲೇ ಆರತೊಡಗುತ್ತದೆ.

ಮೈ ಬಿಸಿಯಾಗಿದ್ದರೆ ರಕ್ತ ಸ್ನಾಯುವಿಗೆ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ಹೃದಯ ಮತ್ತು ಉಸಿರು ಕೂಡ ಮೊದಲೇ ವೇಗ ಹಿಡಿದಿರುತ್ತವೆ. ತಣ್ಣಗಿನ ಮೈಯಲ್ಲಿ ರೈಡಿಗೆ ಹೋದಾಗ ಹಾಗಲ್ಲ. ಆಮ್ಲಜನಕ ಸಾಕಷ್ಟು ತಲುಪುವ ಮೊದಲೇ ಸ್ನಾಯು ತನ್ನಲ್ಲಿ ಕೂಡಿಟ್ಟಿರುವ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಒಡೆದು ಕೆಲಸ ಸಾಗಿಸಬೇಕು, ಹಾಗಾಗಿ ಬೇಗ ಸೋಲುತ್ತದೆ. 30 ಸೆಕೆಂಡಿನ ರೈಡ್ ಒಂದೇ ಆದರೆ ಹೇಗೋ ನಡೆದೀತು, 20 ನಿಮಿಷದ ಎರಡು ಹಾಫ್ ತಡೆಯಬೇಕಲ್ಲ!

ನಿಮ್ಮ ಅನುಮಾನವೂ ಪೂರ್ತಿ ಸುಳ್ಳಲ್ಲ. ಏದುಸಿರು ಬರುವಷ್ಟು ಓಡಿದರೆ ಪಂದ್ಯಕ್ಕೆ ಬೇಕಾದ ಗ್ಲೈಕೋಜನ್ ಅಲ್ಲೇ ಕರಗುತ್ತದೆ. ಇನ್ನು ಒಂದೇ ಭಂಗಿಯಲ್ಲಿ ನಿಮಿಷಕ್ಕಿಂತ ಜಾಸ್ತಿ ಹಿಡಿದು ನಿಲ್ಲುವ ಸ್ಟ್ರೆಚಿಂಗ್ ಇದೆಯಲ್ಲ, ಅದು ಸ್ವಲ್ಪ ಹೊತ್ತು ಸ್ನಾಯುವಿನ ಬಲ ತಗ್ಗಿಸುತ್ತದೆ. ಅದನ್ನು ಪಂದ್ಯ ಮುಗಿದ ಮೇಲೆ ಮಾಡಿ.

ನಿಮ್ಮ ಪಂದ್ಯಕ್ಕಿಂತ ಮೊದಲು ನಡೆಯುವ ಪಂದ್ಯದ ಎರಡನೇ ಹಾಫ್ ಶುರುವಾದಾಗ ಎದ್ದೇಳಿ. ಐದಾರು ನಿಮಿಷ ನಿಧಾನ ಓಟ, ಹಣೆಯಲ್ಲಿ ಬೆವರು ಮೂಡಬೇಕು, ಆದರೆ ಪಕ್ಕದವನ ಜೊತೆ ಮಾತಾಡಲು ಆಗಬೇಕು. ಆಮೇಲೆ ಒಂದಷ್ಟು ಬಸ್ಕಿ, ಕಾಲು ಬೀಸುವುದು, ಅಡ್ಡ ಹೆಜ್ಜೆಯ ಓಟ, ಕೊನೆಗೆ ಗೆಳೆಯನನ್ನು ಎದುರಿಗೆ ನಿಲ್ಲಿಸಿ ಎರಡು ಮೂರು ಚುರುಕಾದ ರೈಡ್. ಇಷ್ಟಾದ ಮೇಲೆ ಐದು ನಿಮಿಷ ಸುಧಾರಿಸಿಕೊಳ್ಳಿ. ಟ್ರ್ಯಾಕ್ ಪ್ಯಾಂಟ್ ಮಾತ್ರ ಕೋರ್ಟಿಗೆ ಇಳಿಯುವ ತನಕ ಬಿಚ್ಚಬೇಡಿ, ನೋಡುವವರು ನಕ್ಕರೆ ನಗಲಿ. ಹಾಫ್ ಟೈಮಿನಲ್ಲೂ ನೆಲಕ್ಕೆ ಕೂರಬೇಡಿ, ಓಡಾಡುತ್ತಿರಿ.

ಏಪ್ರಿಲ್‌ನಲ್ಲಿ ಶಿವಮೊಗ್ಗಕ್ಕೆ ಹಗಲು ಪಂದ್ಯ ಆಡಲು ಹೋದರೆ ಇದರ ಅರ್ಧ ಸಾಕು. ಆ ಬಿಸಿಲಲ್ಲಿ ಮೈ ಅತಿಯಾಗಿ ಕಾದರೆ ಅದರಿಂದಲೇ ಬೇಗ ಸುಸ್ತಾಗುತ್ತದೆ, ಅದಕ್ಕೇ ವಾರ್ಮ್ ಅಪ್ಪನ್ನೂ ನೆರಳಲ್ಲೇ ಮಾಡಿ.