ವಿದೇಶಿ ಸಂಸ್ಥೆ ಜೊತೆ ಪರಿಸರದ ಕೆಲಸ ಮಾಡಲು ಬೇರೆ ಟ್ರಸ್ಟ್ ಮೂಲಕ ಹಣ ಪಡೆಯಬಹುದಾ?

ಬೇಡ. ದಯವಿಟ್ಟು ಬೇರೆ ಟ್ರಸ್ಟ್ ಮೂಲಕ ಆ ಹಣ ತರಿಸಿಕೊಳ್ಳಬೇಡಿ.

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಮೂಡಿಗೆರೆ ಕಡೆ ಒಂದೂವರೆ ವರ್ಷದ ಟ್ರಸ್ಟ್. ಜರ್ಮನಿಯ ಪರಿಸರ ಸಂಸ್ಥೆಯೊಂದು ಸಿಕ್ಕಿದೆ. ನಿಮಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಇಲ್ಲ, ಅದು ಇರುವ ಟ್ರಸ್ಟಿನವರು ಪರಿಚಯ. ಅವರ ಖಾತೆಗೆ ಹಾಕಿಸಿ ನೀವು ತಗೊಳ್ಳಬಹುದಾ, ಇಲ್ಲ ಸೆಕ್ಷನ್ 8 ಕಂಪನಿ (ಲಾಭಕ್ಕಲ್ಲದೆ ಸಮಾಜದ ಕೆಲಸಕ್ಕೆ ಮಾಡುವ ಕಂಪನಿ) ಮಾಡಬೇಕಾ ಅಂತ ಕೇಳಿದ್ದೀರಿ. ಊರು, ದೇಶ ಬಿಟ್ಟರೆ ಇದು ನನ್ನದೇ ಕಥೆ.

ನಮ್ಮದು ಸಕಲೇಶಪುರ. 2019ರಲ್ಲಿ ಐದು ಜನ ಸೇರಿ ಟ್ರಸ್ಟ್ ಮಾಡಿದೆವು. ಹಳ್ಳಗಳ ನೀರು ಕಾಯುವುದೇ ಕೆಲಸ. ಪಲ್ಪಿಂಗ್ ದಿನಗಳಲ್ಲಿ ಹಳ್ಳ ಹೇಗೆ ನಾರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ, ಬೀಜದ ಮೇಲಿನ ಲೋಳೆ ತೊಳೆದ ನೀರಿನಲ್ಲಿ ಸಕ್ಕರೆ ಅಂಶ ಜಾಸ್ತಿ. ಬೇಗ ಹುಳಿಯಾಗುತ್ತದೆ. ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಸರಿಮಾಡದೆ ಹಳ್ಳಕ್ಕೆ ಬಿಟ್ಟರೆ, ಆ ಸಕ್ಕರೆ ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡುಬಿಡುತ್ತವೆ. ಮೀನು, ಏಡಿ ಉಸಿರುಕಟ್ಟಿ ಸಾಯುತ್ತವೆ. ಹಾನುಬಾಳು ಕಡೆ ತೋಟದ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸು ನನಗೆ ಹೇಳಿದ್ದು ಇಷ್ಟೇ: "ಪಲ್ಪರ್ ಶುರುವಾದ್ಮೇಲೆ ಈ ಹಳ್ಳದಲ್ಲಿ ಏಡಿ ಸಿಗಲ್ಲ ಕಣಕ್ಕ." ನಮ್ಮ ಟ್ರಸ್ಟ್ ಹುಟ್ಟಿದ್ದು ಆ ಮಾತಿನಿಂದ.

2020ರಲ್ಲಿ ಯುರೋಪಿನ ಒಂದು ಸಣ್ಣ ಸಂಸ್ಥೆಯವರು ಪರಿಚಯವಾದರು. ನದಿ ಕಾಯುವ ಊರುಗಳನ್ನು ದೇಶ ದೇಶಗಳ ನಡುವೆ ಜೋಡಿಸುವುದು ಅವರ ಕೆಲಸ. ಒಳ್ಳೆಯ ಜನ. ಲಾಕ್‌ಡೌನ್ ಕಾಲ, ಎಲ್ಲವೂ ವಿಡಿಯೊ ಕರೆಯಲ್ಲೇ. ನವೆಂಬರ್ ಹೊತ್ತಿಗೆ "ನಾಲ್ಕು ಸಾವಿರ ಯೂರೊ ಕೊಡುತ್ತೇವೆ, ಹುಡುಗರಿಗೆ ತರಬೇತಿ ಮಾಡಿ" ಅಂದರು. ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಲಕ್ಷ. ಅಲ್ಲಿಯವರೆಗೆ ನಮ್ಮ ಖಾತೆಯಲ್ಲಿ ಒಮ್ಮೆಯೂ ಐವತ್ತು ಸಾವಿರ ದಾಟಿರಲಿಲ್ಲ.

ಈಗ ನಾನು ಮಾಡಿದ ತಪ್ಪು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಮಾಡುವಾಗ ಇದು ತಪ್ಪು ಅಂತ ಅನ್ನಿಸುವುದೇ ಇಲ್ಲ, ಅಪಾಯ ಇರುವುದೇ ಅಲ್ಲಿ.

ಹಾಸನದಲ್ಲಿ ಒಂದು ಹಳೆಯ ಟ್ರಸ್ಟ್ ಇತ್ತು. ತೋಟದ ಕೂಲಿಯವರ ಮಕ್ಕಳಿಗೆ ಹಾಸ್ಟೆಲ್ ನಡೆಸುತ್ತಿದ್ದರು. ನೋಡಿಕೊಳ್ಳುತ್ತಿದ್ದವರು ನನಗೆ ಹೈಸ್ಕೂಲಿನಲ್ಲಿ ಪಾಠ ಮಾಡಿದ ಮೇಷ್ಟ್ರು. ಅವರ ಟ್ರಸ್ಟಿಗೆ ಎಫ್‌ಸಿಆರ್‌ಎ ನೋಂದಣಿ ಇತ್ತು. ನಾನೇ ಅವರ ಮನೆಗೆ ಹೋಗಿ ಕೇಳಿದೆ. "ಸರ್, ಹಣ ನಿಮ್ಮ ಖಾತೆಗೆ ಬರಲಿ, ನೀವು ನಮಗೊಂದು ಚೆಕ್ ಕೊಡಿ. ಲೆಕ್ಕ ಪೂರ್ತಿ ನಾನು ಕೊಡ್ತೀನಿ." ಅವರು ಕೇಳಿದ್ದು ಒಂದೇ ಮಾತು: "ಇದು ಸರಿ ಇದ್ಯೇನಮ್ಮಾ?" ನಾನು ಸರಿ ಇದೆ ಅಂದೆ. ನನ್ನ ಹತ್ತಿರ ಒಂದು ಹಳೆಯ ಕೈಪಿಡಿ ಇತ್ತು. ಒಂದು ಸಂಸ್ಥೆ ಇನ್ನೊಂದಕ್ಕೆ ವಿದೇಶಿ ದೇಣಿಗೆ ವರ್ಗಾಯಿಸುವುದು ಹೇಗೆ ಅಂತ ಅದರಲ್ಲಿ ಬರೆದಿತ್ತು. ಅದನ್ನೇ ತೋರಿಸಿದೆ. ಅವರು ನಂಬಿದರು.

ಆ ಕೈಪಿಡಿ ಬರೆದಾಗ ಅದು ನಿಜವೇ ಆಗಿತ್ತು. 2010ರ ಕಾಯ್ದೆಯಲ್ಲಿ ಕೆಲವು ಷರತ್ತಿನ ಮೇಲೆ ವರ್ಗಾವಣೆಗೆ ದಾರಿ ಇತ್ತು. ಆದರೆ 2020ರ ಸೆಪ್ಟೆಂಬರಿನಲ್ಲಿ ತಿದ್ದುಪಡಿ ಬಂತು. 7ನೇ ಸೆಕ್ಷನ್ ಪೂರ್ತಿ ಬದಲಾಯಿತು. ಈಗ ನೋಂದಣಿ ಇರುವ ಸಂಸ್ಥೆ ತನಗೆ ಬಂದ ವಿದೇಶಿ ದೇಣಿಗೆಯನ್ನು ಬೇರೆ ಯಾರಿಗೂ ವರ್ಗಾಯಿಸುವ ಹಾಗಿಲ್ಲ. ಪಡೆಯುವವರಿಗೂ ನೋಂದಣಿ ಇದ್ದರೂ ಆಗುವುದಿಲ್ಲ. ನಾನು ಮೇಷ್ಟ್ರ ಮನೆಗೆ ಹೋದದ್ದು ಡಿಸೆಂಬರಿನಲ್ಲಿ. ನಿಯಮ ಬದಲಾಗಿ ಎರಡು ತಿಂಗಳು ದಾಟಿತ್ತು. ಆ ಕೈಪಿಡಿ ಯಾವ ವರ್ಷದ್ದು ಅಂತ ಮೊದಲ ಪುಟ ತಿರುಗಿಸಿ ನೋಡಿದ್ದರೆ ಸಾಕಿತ್ತು. ಒಬ್ಬ ಆಡಿಟರಿಗೆ ಫೋನ್ ಮಾಡಿದ್ದರೂ ಸಾಕಿತ್ತು. ಐನೂರು ರೂಪಾಯಿ ಫೀಸು ಉಳಿಸೋಣ ಅಂದುಕೊಂಡೆ.

ಇನ್ನೊಂದು ಸೂಕ್ಷ್ಮ ಇದೆ. ಮೇಷ್ಟ್ರ ಟ್ರಸ್ಟೇ ಆ ತರಬೇತಿ ನಡೆಸಿದ್ದರೆ, ಸಾಮಾನು ಅವರೇ ಕೊಂಡು, ಬಿಲ್ಲು ಅವರ ಹೆಸರಿನಲ್ಲೇ ಇದ್ದು, ತರಬೇತಿ ಕೊಟ್ಟವರಿಗೆ ಅವರೇ ಸಂಭಾವನೆ ಕೊಟ್ಟಿದ್ದರೆ ಅದು ಅವರ ಖರ್ಚು ಆಗುತ್ತಿತ್ತು. ಅವರ ಟ್ರಸ್ಟಿನ ಉದ್ದೇಶದಲ್ಲಿ ಅಂಥ ಕೆಲಸಕ್ಕೆ ಜಾಗ ಇರಬೇಕಿತ್ತು, ಕೆಲಸ ನಿಜವಾಗಿ ಅವರದ್ದೇ ಆಗಿರಬೇಕಿತ್ತು, ಅಷ್ಟೇ. ನಾವು ಮಾಡಿದ್ದು ಅದಲ್ಲ. ಅವರ ಖಾತೆಯಿಂದ ನಮ್ಮ ಟ್ರಸ್ಟಿನ ಖಾತೆಗೆ ಒಂದೇ ಚೆಕ್ಕಿನಲ್ಲಿ ಹಣ ಬಂತು. ಒಂದು ಪೈಸೆ ದುರುಪಯೋಗ ಆಗಲಿಲ್ಲ, ರಸೀದಿಗಳೆಲ್ಲ ಇವತ್ತಿಗೂ ನನ್ನ ಬೀರುವಿನಲ್ಲಿವೆ. ಆದರೂ ಆ ಒಂದು ಚೆಕ್ಕೇ ಉಲ್ಲಂಘನೆ.

ಮುಂದಿನ ಸೆಪ್ಟೆಂಬರಿನಲ್ಲಿ ಅವರ ಆಡಿಟರ್ ಹಿಡಿದರು. ನಾವು ಸಾಲ ಮಾಡಿ ಹಣ ವಾಪಸ್ ಕಟ್ಟಿದೆವು. ಅವರು ತಾವಾಗಿಯೇ ಗೃಹ ಸಚಿವಾಲಯಕ್ಕೆ ತಪ್ಪು ಬರೆದುಕೊಟ್ಟು, ದಂಡ ಕಟ್ಟುವುದಕ್ಕೆ ಅರ್ಜಿ ಹಾಕಿದರು. ಎಲ್ಲ ತೀರ್ಮಾನ ಆಗುವ ತನಕ ಅವರ ಹಳೆಯ ದಾನಿಗಳು ಹಣ ಕಳಿಸುವುದನ್ನು ನಿಲ್ಲಿಸಿದರು. ಹಾಸ್ಟೆಲಿನಲ್ಲಿ ಮೂವತ್ತೆರಡು ಮಕ್ಕಳಿದ್ದರು. ವಾರಕ್ಕೆ ಮೂರು ದಿನ ಕೊಡುತ್ತಿದ್ದ ಮೊಟ್ಟೆ ಒಂದು ದಿನಕ್ಕೆ ಇಳಿಯಿತು. ಅದು ಗೊತ್ತಾದ ದಿನ ಮೇಷ್ಟ್ರ ಮನೆಗೆ ಹೋದೆ. ಒಂದು ಮಾತೂ ಬೈಯಲಿಲ್ಲ. "ಬಾಮ್ಮ, ಕಾಫಿ ಕುಡಿ" ಅಂದರು. ಆ ಕಾಫಿ ನನ್ನಿಂದ ಕುಡಿಯೋಕೆ ಆಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ನಿಮಗೆ ಸಹಾಯ ಮಾಡಲು ಒಪ್ಪಿದ ಆ ಟ್ರಸ್ಟಿನವರ ಬಗ್ಗೆ ಯೋಚಿಸಿ. ಅಪಾಯ ನಿಮಗಿಂತ ಅವರಿಗೆ ಜಾಸ್ತಿ.

ಸೆಕ್ಷನ್ 8 ಕಂಪನಿ ವಿಷಯ ಬೇಗ ಮುಗಿಸುತ್ತೇನೆ. ಅದು ಮಾಡಿದರೆ ವಿದೇಶಿ ಹಣ ಸುಲಭವಾಗಿ ಬರುತ್ತದೆ ಅಂತ ಯಾರೋ ಹೇಳಿರಬೇಕು. ಇಲ್ಲ. ಟ್ರಸ್ಟಿಗೂ ಕಂಪನಿಗೂ ಎಫ್‌ಸಿಆರ್‌ಎ ನಿಯಮ ಒಂದೇ. ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ನಿಮ್ಮ ಉದ್ದೇಶದ ಕೆಲಸಕ್ಕೇ ಖರ್ಚಾಗಿರಬೇಕು. ಹೊಸ ಕಂಪನಿ ಮಾಡಿದರೆ ನಿಮ್ಮ ಒಂದೂವರೆ ವರ್ಷವೂ ಹೋಗಿ ಮತ್ತೆ ಸೊನ್ನೆಯಿಂದ ಶುರು. ಅಷ್ಟು ಕಾಯಲಾಗದಿದ್ದರೆ ಇರುವುದು ಪೂರ್ವಾನುಮತಿಯ ದಾರಿ: ಇಂಥ ದಾನಿ, ಇಷ್ಟು ಹಣ, ಇಂಥ ಕೆಲಸ ಅಂತ ದಾನಿಯಿಂದ ಪತ್ರ ತಂದು ಅರ್ಜಿ ಹಾಕುವುದು. ಯಾವ ದಾರಿಯಲ್ಲಿ ಬಂದರೂ ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಎಫ್‌ಸಿಆರ್‌ಎ ಖಾತೆಗೆ. ಆಡಳಿತದ ಖರ್ಚು 20 ಶೇಕಡಾ ದಾಟುವ ಹಾಗಿಲ್ಲ. ಮತ್ತೆ, ಹಣ ಮಾತ್ರ ಅಲ್ಲ, ಅವರು ನಿಮ್ಮ ಟ್ರಸ್ಟಿಗೆ ಅಂತ ಪೆಟ್ಟಿಗೆಯಲ್ಲಿ ಸಾಮಾನು ಕಳಿಸಿದರೂ ಅದು ವಿದೇಶಿ ದೇಣಿಗೆಯೇ. ವಿದೇಶಿ ಪೌರತ್ವ ತಗೊಂಡಿರುವ ನಿಮ್ಮೂರಿನ ಹುಡುಗ ಇಲ್ಲಿಗೆ ಬಂದಾಗ ರೂಪಾಯಿಯಲ್ಲಿ ಕೊಟ್ಟರೂ ಅದೇ ಲೆಕ್ಕ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಹೊರಗೆ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ.

ಆದರೆ ನನಗೆ ನಿಮ್ಮ ಪ್ರಶ್ನೆಯ ಬುಡವೇ ಸರಿ ಕಾಣುವುದಿಲ್ಲ. ದೇಶ ದಾಟಿದ ಸಹಕಾರ ಅಂದಕೂಡಲೇ ಹಣ ಹೇಗೆ ತರುವುದು ಅಂತ ಯಾಕೆ ಯೋಚಿಸಬೇಕು? ನಾನೂ ಹಾಗೇ ಯೋಚಿಸಿದ್ದೆ. ಆ ಮೂರೂವರೆ ಲಕ್ಷದಿಂದ ನಮ್ಮ ಕೈಯಲ್ಲಿ ಉಳಿದದ್ದು ಏನೂ ಇಲ್ಲ. ಉಳಿದದ್ದು ಅದೇ ಸ್ನೇಹಿತರು ಒಂದು ಸಂಜೆ ವಿಡಿಯೊ ಕರೆಯಲ್ಲಿ ತೋರಿಸಿಕೊಟ್ಟ ಒಂದು ಹಾಳೆ.

ಅದು ಯುರೋಪಿನದ್ದೂ ಅಲ್ಲ, ದಕ್ಷಿಣ ಆಫ್ರಿಕಾದ್ದು. ಮಿನಿಸಾಸ್ ಅಂತ ಹೆಸರು. ಶಾಲೆ ಮಕ್ಕಳು, ರೈತರು, ಯಾರು ಬೇಕಾದರೂ ಹಳ್ಳದ ಆರೋಗ್ಯ ನೋಡಲಿ ಅಂತ ಮಾಡಿದ್ದು. ಹಳ್ಳಕ್ಕೆ ಇಳಿದು, ಕಲ್ಲು ಮಗುಚಿ, ಬಲೆಯಲ್ಲಿ ಸಿಕ್ಕ ಹುಳುಗಳನ್ನು ಬಿಳಿ ತಟ್ಟೆಗೆ ಹಾಕಿ ನೋಡುವುದು. ಒಟ್ಟು 13 ಗುಂಪು. ಒಂದೊಂದಕ್ಕೂ ಒಂದೊಂದು ಅಂಕ. ಕಲ್ಲಿನಡಿ ಎರಡು ಬಾಲದ ಹುಳು, ಕಡ್ಡಿ ಮರಳು ಅಂಟಿಸಿಕೊಂಡು ಗೂಡು ಕಟ್ಟುವ ಹುಳು ಇದ್ದರೆ ನೀರು ಚೆನ್ನಾಗಿದೆ ಅಂತ ಅರ್ಥ. ಬರೀ ಜಿಗಣೆ, ಎರೆಹುಳುವಿನಂಥವು ಸಿಕ್ಕರೆ ನೀರು ಕೆಟ್ಟಿದೆ. ಅಂಕಗಳ ಸರಾಸರಿ ತೆಗೆದರೆ ಹಳ್ಳದ ಸ್ಥಿತಿ ಗೊತ್ತಾಗುತ್ತದೆ. ಆ ಅಂಕಗಳು ಅಲ್ಲಿಯ ಹಳ್ಳಗಳಿಗೆ ಇಟ್ಟದ್ದು, ಆದ್ದರಿಂದ ನಾವು ಒಂದು ಸಂಖ್ಯೆಯನ್ನೇ ನಂಬುವುದಿಲ್ಲ. ಪಲ್ಪರ್ ಮನೆಗಿಂತ ಮೇಲೆ ಒಂದು ಸಲ, ಕೆಳಗೆ ಒಂದು ಸಲ ನೋಡುತ್ತೇವೆ. ವ್ಯತ್ಯಾಸ ಕಣ್ಣಿಗೇ ಹೊಡೆಯುತ್ತದೆ. ಬಲೆ, ತಟ್ಟೆ, ಭೂತಗನ್ನಡಿ, ನೀರು ಎಷ್ಟು ಹುಳಿ ಅಂತ ನೋಡುವ ಪಿಎಚ್ ಕಾಗದ, ಎಲ್ಲ ಸೇರಿ ನಮಗೆ ಆರು ಸಾವಿರ ರೂಪಾಯಿ ಒಳಗೇ ಆಯಿತು. ನಾವೇ ಚಂದಾ ಹಾಕಿಕೊಂಡೆವು.

ಆ ಪಟ್ಟಿಯಲ್ಲಿ ಏಡಿಯೂ ಇದೆ! ಹಾನುಬಾಳಿನ ಆ ಹೆಂಗಸು ಹೇಳಿದ ಮಾತು ಆಫ್ರಿಕಾದ ಹಾಳೆಯಲ್ಲಿ ಕಂಡಾಗ ನನಗೆ ಆದ ಸಂತೋಷ ಹೇಳಲಾರೆ. ಈಗ ನಮ್ಮ ತಂಡಕ್ಕೆ ಹುಳು ಗುರುತಿಸಿ ಕೊಡುವವರು ಅವರೇ. ತಟ್ಟೆ ನೋಡಿ ಅವರು ಹೇಳಿದ ಮೇಲೆ ತೋಟದವರೂ ಕೇಳುತ್ತಾರೆ, ಇಬ್ಬರು ಸುಣ್ಣದ ಗುಂಡಿ ತೋಡಿಸಿದ್ದಾರೆ.

ನಿಮ್ಮ ಜಿಲ್ಲೆಯಲ್ಲೇ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಎಲೆ ತುಕ್ಕು ರೋಗಕ್ಕೆ ತಡೆ ಇರುವ ತಳಿ ಬೇಕಾದಾಗ ನೆರವಿಗೆ ಬಂದದ್ದು ಪೋರ್ಚುಗಲ್ಲಿನ ತುಕ್ಕು ರೋಗ ಸಂಶೋಧನಾ ಕೇಂದ್ರ. ತಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿಯೇ ಬೆರೆತು ಹುಟ್ಟಿದ ಗಿಡ, ಅದನ್ನು ಕೋಸ್ಟರಿಕಾದ ಒಂದು ಗಿಡ್ಡ ತಳಿ ಜೊತೆ ಬೆರೆಸಿದ್ದು. ಆ ಸಾಲಿನಿಂದ ಆರಿಸಿ ಬೆಳೆಸಿದ್ದೇ ನಮ್ಮ ಚಂದ್ರಗಿರಿ ಕಾಫಿ ತಳಿ. ನಿಮ್ಮ ಪಕ್ಕದ ತೋಟದಲ್ಲೇ ಇರಬಹುದು, ಹೋಗಿ ನೋಡಿ. ನಾಲ್ಕು ದೇಶದ ತಿಳಿವಳಿಕೆ ಒಂದು ಗಿಡದಲ್ಲಿದೆ.

ಹಾಗಂತ ಬೀಜ, ಗಿಡ, ಹುಳು ಪ್ಯಾಕ್ ಮಾಡಿ ಜರ್ಮನಿಗೆ ಕಳಿಸಬೇಡಿ. ಅವರು ಪ್ರೀತಿಯಿಂದಲೇ ಕೇಳುತ್ತಾರೆ, ನಮ್ಮನ್ನೂ ಕೇಳಿದ್ದರು. ನಮ್ಮ ಜೀವಿಗಳನ್ನು ವಿದೇಶಿಯರು ಸಂಶೋಧನೆಗೆ ತಗೊಳ್ಳಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿ ಬೇಕು. ಕಾಲೇಜಿನ ಒಬ್ಬ ಪ್ರಾಣಿಶಾಸ್ತ್ರದ ಮೇಡಂ ಸಮಯಕ್ಕೆ ಸರಿಯಾಗಿ ಹೇಳಿದ್ದರಿಂದ ಆ ಒಂದು ತಪ್ಪು ಮಾತ್ರ ತಪ್ಪಿತು.

ನನ್ನ ಅಭಿಪ್ರಾಯ ನೇರವಾಗಿ ಹೇಳುವುದಾದರೆ, ಜರ್ಮನಿಯವರಿಗೆ ಇವತ್ತೇ ಬರೆಯಿರಿ. ಹಣ ಈಗ ಬೇಡ, ಮೂರು ವರ್ಷ ಆದ ಮೇಲೆ ನೋಡೋಣ ಅನ್ನಿ. ತಿಂಗಳಿಗೆ ಒಂದು ಸಂಜೆ ಕೇಳಿ. ಅವರ ಹಳ್ಳ ಹೊಳೆ ಹೇಗೆ ಕೆಟ್ಟವು, ಹೇಗೆ ಸುಧಾರಿಸಿದವು, ಏನು ಮಾಡಿ ಸೋತರು ಅಂತ ಕೇಳಿ. ನಿಮ್ಮದನ್ನು ನೀವು ಹೇಳಿ. ಅದಕ್ಕೂ ಒಪ್ಪುವವರಾದರೆ ಅವರು ನಿಜವಾದ ಜೊತೆಗಾರರು. ಹಣ ಬೇಡ ಅಂದಕೂಡಲೇ ಮಾತು ನಿಂತರೆ, ಅಂಥವರ ಜೊತೆ ಮೂರು ವರ್ಷ ಆದ ಮೇಲೂ ಬೇಡ. ನಮ್ಮ ಸ್ನೇಹಿತರು ಇಷ್ಟೆಲ್ಲ ಆದಮೇಲೂ ಕರೆ ಮಾಡುತ್ತಾರೆ.

ಜರ್ಮನಿಗಿಂತ ಮೊದಲು ದಾಟಬೇಕಾದ ಗಡಿ ಇನ್ನೊಂದಿದೆ. ಹೇಮಾವತಿ ಹುಟ್ಟುವುದು ನಿಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಅಲ್ಲಿಂದ ನಮ್ಮ ಸಕಲೇಶಪುರಕ್ಕೆ, ಗೊರೂರು ಅಣೆಕಟ್ಟಿಗೆ, ಮುಂದೆ ಕಾವೇರಿ ಸೇರಿ ತಮಿಳುನಾಡಿಗೆ. ನಿಮ್ಮ ಹಳ್ಳಗಳ ನೀರನ್ನೇ ನಾವು ಕೆಳಗೆ ಕುಡಿಯುತ್ತೇವೆ. ಇಷ್ಟು ವರ್ಷದಲ್ಲಿ ಯುರೋಪಿನವರ ಜೊತೆ ನೂರು ಸಲ ಮಾತಾಡಿದ್ದೇನೆ, ಮೇಲಿನ ತಾಲ್ಲೂಕಿನವರ ಜೊತೆ ಒಂದು ಸಲವೂ ಇಲ್ಲ.

ಜನವರಿಯಲ್ಲಿ ಪಲ್ಪಿಂಗ್ ಜೋರಾಗಿರುತ್ತದೆ. ಎರಡನೇ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಾವು ಇಲ್ಲಿ ಹೊಳೆಗೆ ಇಳಿಯುತ್ತೇವೆ. ಅದೇ ಹೊತ್ತಿಗೆ ನೀವು ಅಲ್ಲಿ ಇಳಿಯಿರಿ. ಹಾಳೆ ಕನ್ನಡಕ್ಕೆ ಮಾಡಿಟ್ಟಿದ್ದೇವೆ, ಒಂದು ಮೆಸೇಜ್ ಹಾಕಿ, ಕಳಿಸುತ್ತೇನೆ. ಬಲೆ ನಮ್ಮಲ್ಲಿ ಒಂದು ಜಾಸ್ತಿ ಇದೆ, ಸಕಲೇಶಪುರಕ್ಕೆ ಬಂದಾಗ ತಗೊಂಡು ಹೋಗಿ.